ಸ್ವಿಚ್‌ನಲ್ಲಿ ಯಾರಿಗೆ ಎಷ್ಟು ಅಧಿಕಾರ? ಸಿಸ್ಕೊ ಕಮಾಂಡ್ ಲೈನಿನಲ್ಲಿ ಬಳಕೆದಾರರ ಮಟ್ಟ ಹೊಂದಿಸುವ ಕ್ರಮ

ಕಾಸರಗೋಡಿನ ಆಸುಪಾಸಿನ ಸಹಕಾರಿ ಬ್ಯಾಂಕು, ಶಾಲೆ, ಆಸ್ಪತ್ರೆಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: ಮುಖ್ಯ ಕಚೇರಿ ಕಾಸರಗೋಡು ಪೇಟೆಯಲ್ಲಿದೆ, ಶಾಖೆಗಳು ಕುಂಬಳೆ, ಬದಿಯಡ್ಕ, ಮುಳ್ಳೇರಿಯದಲ್ಲಿವೆ. ನೆಟ್‌ವರ್ಕ್ ಬಲ್ಲವರು ಒಬ್ಬರೇ. ಕೌಂಟರಿನ ಒಂದು ಕಂಪ್ಯೂಟರ್ ಕೈಕೊಟ್ಟಾಗ ಶಾಖೆಯವರೇ ಅದರ ತಂತಿ ಸ್ವಿಚ್‌ಗೆ ಸೇರುವ ಪೋರ್ಟನ್ನು ಬಂದ್ ಮಾಡಿ ತೆರೆಯುವಂತಾಗಬೇಕು, ಆದರೆ ಉಳಿದ ಯಾವುದನ್ನೂ ಅವರು ಮುಟ್ಟಬಾರದು. ಅಡ್ಮಿನ್ ಪಾಸ್‌ವರ್ಡ್ ಕೊಡದೆ ಇದನ್ನು ಮಾಡುವುದು ಹೇಗೆ?

ಮಾಡಬಹುದು. ಸಿಸ್ಕೊ ಐಒಎಸ್ ಸಾಫ್ಟ್‌ವೇರ್ ಇರುವ ಸ್ವಿಚ್ ಮತ್ತು ರೂಟರ್‌ಗಳಲ್ಲಿ ಇದಕ್ಕೆಂದೇ 0ರಿಂದ 15ರವರೆಗೆ ಹದಿನಾರು ಅಧಿಕಾರ ಮಟ್ಟಗಳಿವೆ. ಇವುಗಳಲ್ಲಿ ನಿಜವಾಗಿ ಬಳಕೆಯಲ್ಲಿರುವುದು ಎರಡೇ. 1ನೇ ಮಟ್ಟ ನೋಡುವುದಕ್ಕೆ. ಅದರ ಪ್ರಾಂಪ್ಟ್, ಅಂದರೆ ಆಜ್ಞೆಗಾಗಿ ಕಾಯುವ ಗುರುತು, > ಚಿಹ್ನೆಯಲ್ಲಿ ಮುಗಿಯುತ್ತದೆ. 15ನೇ ಮಟ್ಟದಲ್ಲಿ ಎಲ್ಲವನ್ನೂ ಮಾಡಬಹುದು, ಅಲ್ಲಿ ಪ್ರಾಂಪ್ಟ್ # ಚಿಹ್ನೆಯಲ್ಲಿ ಮುಗಿಯುತ್ತದೆ. 0ನೇ ಮಟ್ಟದಲ್ಲಿ ಡಿಸೇಬಲ್, ಎನೇಬಲ್, ಎಕ್ಸಿಟ್, ಹೆಲ್ಪ್, ಲಾಗ್‌ಔಟ್ ಎಂಬ ಐದು ಆಜ್ಞೆಗಳು ಬಿಟ್ಟರೆ ಬೇರೇನೂ ಇಲ್ಲ. 2ರಿಂದ 14ರವರೆಗಿನವು ಖಾಲಿ. ನೀವು ಏನೂ ಸೇರಿಸದಿದ್ದರೆ 7ನೇ ಮಟ್ಟದವರಿಗೂ 1ನೇ ಮಟ್ಟದವರಿಗೆ ಸಿಕ್ಕಷ್ಟೇ ಸಿಗುತ್ತದೆ. "7 ಕೊಟ್ಟೆ, ಏನೂ ಬದಲಾಗಲಿಲ್ಲ" ಎನ್ನುವವರು ಇದನ್ನು ಗಮನಿಸಿ.

ಇನ್ನೊಂದು ಮಾತು. # ಕಂಡಿತೆಂದ ಕೂಡಲೇ 15ನೇ ಮಟ್ಟ ಎಂದುಕೊಳ್ಳಬೇಡಿ. 2ನೇ ಮಟ್ಟದಿಂದಲೇ # ಕಾಣಿಸುತ್ತದೆ.

ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಸಾಧನದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಪೋರ್ಟಿಗೆ ಕೊಡುವ ವಿವರಣೆ, ಬಳಕೆದಾರರ ಹೆಸರು, ಲಾಗಿನ್ ಎಚ್ಚರಿಕೆ ಎಲ್ಲಕ್ಕೂ ಇಂಗ್ಲಿಷ್ ಅಕ್ಷರಗಳೇ ಕ್ಷೇಮ.

ಕೈಯಲ್ಲಿ ಇರಬೇಕಾದದ್ದು

ಕನ್ಸೋಲ್ ಕೇಬಲ್, ಲ್ಯಾಪ್‌ಟಾಪ್, ಪುಟ್ಟಿಯಂಥ ಟರ್ಮಿನಲ್ ತಂತ್ರಾಂಶ. ಕನ್ಸೋಲ್ ಎಂದರೆ ನೆಟ್‌ವರ್ಕ್ ಮೂಲಕ ಹೋಗದೆ ನೇರವಾಗಿ ಸಾಧನದೊಳಗೆ ಹೋಗುವ ದಾರಿ. ಇದರ ಸಾಮಾನ್ಯ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ ವೇಗ ಹೊಂದಿಲ್ಲ ಎಂದರ್ಥ. ಜತೆಗೆ 15ನೇ ಮಟ್ಟದ ಪಾಸ್‌ವರ್ಡ್ ಬೇಕು, ಮತ್ತು ಶಾಖೆಯವರಿಗೆ ಯಾವ ಯಾವ ಆಜ್ಞೆ ಕೊಡಬೇಕೆಂದು ಕಾಗದದಲ್ಲಿ ಬರೆದಿಟ್ಟ ಪಟ್ಟಿ ಬೇಕು. ಪಟ್ಟಿ ಇಲ್ಲದೆ ಕುಳಿತರೆ "ಇದೂ ಇರಲಿ" ಎಂದು ಒಂದೊಂದಾಗಿ ಸೇರಿಸುತ್ತಾ ಹೋಗುತ್ತೀರಿ.

ಪಟ್ಟಿ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಪೋರ್ಟ್ ಬಂದ್ ಆಗುತ್ತಿರುವುದು ಏಕೆ? ಪೋರ್ಟ್ ಸೆಕ್ಯುರಿಟಿ, ಅಂದರೆ ಗೊತ್ತಿರುವ ಕಂಪ್ಯೂಟರನ್ನಷ್ಟೇ ಬಿಡುವ ಕಾವಲು, ಹಾಕಿದ್ದಲ್ಲಿ ಯಾರಾದರೂ ಬೇರೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸ್ವಿಚ್ ಆ ಪೋರ್ಟನ್ನು ಎರರ್-ಡಿಸೇಬಲ್ಡ್ ಸ್ಥಿತಿಗೆ ತಳ್ಳುತ್ತದೆ, ಅಂದರೆ ತಪ್ಪು ಕಂಡು ತಾನೇ ಮುಚ್ಚುತ್ತದೆ. ಶಾಖೆಯಿಂದ ಬರುವ ಕರೆ ಹೆಚ್ಚಾಗಿ ಇದೊಂದೇ ಕಾರಣಕ್ಕಾದರೆ ಯಾರಿಗೂ ಅಧಿಕಾರ ಕೊಡಬೇಕಾಗಿಲ್ಲ. "ಕಾನ್ಫಿಗರ್ ಟರ್ಮಿನಲ್" ಕೊಟ್ಟು, ಅಂದರೆ ಸೆಟ್ಟಿಂಗ್ ಬದಲಿಸುವ ಜಾಗಕ್ಕೆ ಹೋಗಿ, ಇದನ್ನು ಹಾಕಿ:

ಎರರ್‌ಡಿಸೇಬಲ್ ರಿಕವರಿ ಕಾಸ್ ಪಿಸೆಕ್ಯೂರ್-ವಯೊಲೇಶನ್

ಇಷ್ಟು ಹಾಕಿದರೆ 300 ಸೆಕೆಂಡಿಗೆ ಪೋರ್ಟ್ ತಾನಾಗಿ ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ಬೇರೆ ಲ್ಯಾಪ್‌ಟಾಪನ್ನು ಕಿತ್ತಿರಬೇಕು, ಇಲ್ಲದಿದ್ದರೆ ಮತ್ತೆ ಮುಚ್ಚುತ್ತದೆ. ಎರರ್‌ಡಿಸೇಬಲ್ ಪದವನ್ನು ಪೂರ್ತಿ ಬರೆಯುವ ಬದಲು ಐಒಎಸ್‌ನಲ್ಲಿರುವ ಅದರ ಸರಿಯಾದ ಕಾಗುಣಿತವನ್ನು ಟ್ಯಾಬ್ ಕೀಲಿ ಒತ್ತಿ ತರಿಸಿಕೊಳ್ಳಿ. ಕಾರಣ ಬೇರೆ ಇದ್ದರೆ ಮುಂದೆ ಓದಿ.

ಹಂತ 1: ಈಗಿನ ಸ್ಥಿತಿ ನೋಡಿ

ಶೋ ಪ್ರಿವಿಲೇಜ್

ಇದು ನೀವು ಈಗ ಯಾವ ಮಟ್ಟದಲ್ಲಿದ್ದೀರಿ ಎಂದು ಹೇಳುತ್ತದೆ. 15 ಬರಬೇಕು. ನಂತರ "ಶೋ ರನ್ನಿಂಗ್-ಕಾನ್ಫಿಗ್" ಕೊಟ್ಟು ಮೂರು ಸಂಗತಿ ಹುಡುಕಿ. ಕಾನ್ಫಿಗ್ ಎಂದರೆ ಸಾಧನದ ಎಲ್ಲ ಸೆಟ್ಟಿಂಗ್‌ಗಳ ಪಟ್ಟಿ. ಯಾವ ಯಾವ ಯೂಸರ್‌ನೇಮ್‌ಗಳಿವೆ? "ಎಎಎ ನ್ಯೂ-ಮಾಡೆಲ್" ಎಂಬ ಸಾಲು ಇದೆಯೇ? "ಲೈನ್ ವಿಟಿವೈ" ಕೆಳಗೆ "ಪ್ರಿವಿಲೇಜ್ ಲೆವೆಲ್ 15" ಇದೆಯೇ? ವಿಟಿವೈ ಎಂದರೆ ನೆಟ್‌ವರ್ಕ್ ಮೂಲಕ ಬರುವವರಿಗೆ ಇಟ್ಟ ಬಾಗಿಲುಗಳು. ಆ ಮೂರನೆಯ ಸಾಲು ಇದ್ದರೆ ಬಾಗಿಲು ದಾಟಿದವರಿಗೆ 15ನೇ ಮಟ್ಟ ಸಿಗುವ ದಾರಿ ತೆರೆದಿದೆ. ಸಾಧನ ತಂದು ಕೂರಿಸಿದವರು ತಮ್ಮ ಅನುಕೂಲಕ್ಕೆ ಹಾಕಿ ಹಾಗೇ ಬಿಟ್ಟಿರುವುದು ತೀರಾ ಸಾಮಾನ್ಯ. "ನೋ ಪ್ರಿವಿಲೇಜ್ ಲೆವೆಲ್" ಎಂದು ತೆಗೆಯಬೇಕು, ಆದರೆ 4ನೇ ಹಂತ ಮುಗಿದ ಮೇಲೆ.

ಹಂತ 2: ಹಿಂತಿರುಗುವ ದಾರಿ ಇಟ್ಟುಕೊಳ್ಳಿ

ಅಧಿಕಾರದ ಸೆಟ್ಟಿಂಗ್ ಬದಲಿಸುವಾಗ ತಾವೇ ಹೊರಗುಳಿಯುವವರು ಬಹಳ ಮಂದಿ. ಕಾಸರಗೋಡಿನಲ್ಲಿ ಕುಳಿತು ಮುಳ್ಳೇರಿಯದ ಸ್ವಿಚ್ ಬದಲಿಸುತ್ತಿದ್ದರೆ ಬಸ್ಸು ಹಿಡಿಯಬೇಕಾಗುತ್ತದೆ. ಆದ್ದರಿಂದ ಕೌಂಟರ್ ಮುಚ್ಚಿದ ಮೇಲೆ ಕೆಲಸ ಶುರು ಮಾಡಿ. ಮೊದಲು ಇಡೀ ಕಾನ್ಫಿಗನ್ನು ಒಂದು ಕಡತಕ್ಕೆ ನಕಲು ಮಾಡಿ, "ರೈಟ್ ಮೆಮೊರಿ" ಕೊಟ್ಟು ಈಗಿರುವ ಸ್ಥಿತಿಯನ್ನು ಉಳಿಸಿ, ಆಮೇಲೆ:

ರಿಲೋಡ್ ಇನ್ 30

ಅಂದರೆ 30 ನಿಮಿಷ ಕಳೆದ ಮೇಲೆ ಸಾಧನ ತಾನಾಗಿ ರೀಸ್ಟಾರ್ಟ್ ಆಗಿ ಉಳಿಸಿಟ್ಟ ಹಳೆಯ ಸ್ಥಿತಿಗೆ ಮರಳುತ್ತದೆ. ಕೆಲಸ ಸರಿಯಾಗಿ ಮುಗಿದರೆ "ರಿಲೋಡ್ ಕ್ಯಾನ್ಸಲ್".

ಇಲ್ಲಿ ಎರಡು ಕಡೆ ಎಡವುತ್ತಾರೆ. ಬದಲಾವಣೆ ಶುರು ಮಾಡಿದ ಮೇಲೆ ಈ ಆಜ್ಞೆ ಕೊಟ್ಟರೆ, ಕಾನ್ಫಿಗ್ ಬದಲಾಗಿದೆ, ಉಳಿಸಲೇ ಎಂದು ಸಾಧನ ಕೇಳುತ್ತದೆ. ಅಭ್ಯಾಸಬಲದಿಂದ ಯೆಸ್ ಎಂದರೆ ಅರೆಬರೆ ಕೆಲಸವೇ ಉಳಿದುಬಿಡುತ್ತದೆ. ನೋ ಎನ್ನಿ. ಎರಡನೆಯದು, ನಡುವೆ ಎಲ್ಲೂ ರೈಟ್ ಮೆಮೊರಿ ಕೊಡಬಾರದು. ಕೊಟ್ಟರೆ ಹಿಂತಿರುಗಲು ಏನೂ ಉಳಿಯುವುದಿಲ್ಲ. ನೀವು ಈಗ ಲಾಗಿನ್ ಆಗಿರುವ ಕಿಟಕಿಯನ್ನು ಕೊನೆಯವರೆಗೂ ಮುಚ್ಚಬೇಡಿ. ಪರೀಕ್ಷೆ ಎಲ್ಲ ಇನ್ನೊಂದು ಕಿಟಕಿಯಲ್ಲಿ.

ಹಂತ 3: 15ನೇ ಮಟ್ಟದ ಪಾಸ್‌ವರ್ಡ್ ಭದ್ರಪಡಿಸಿ

ಇಲ್ಲಿಂದ 6ನೇ ಹಂತದವರೆಗಿನ ಸಾಲುಗಳನ್ನು "ಕಾನ್ಫಿಗರ್ ಟರ್ಮಿನಲ್" ಕೊಟ್ಟ ಮೇಲೆ ಟೈಪ್ ಮಾಡಿ.

ಎನೇಬಲ್ ಆಲ್ಗಾರಿದಮ್-ಟೈಪ್ ಸ್ಕ್ರಿಪ್ಟ್ ಸೀಕ್ರೆಟ್ (ನಿಮ್ಮ ಗುಪ್ತಪದ)
ನೋ ಎನೇಬಲ್ ಪಾಸ್‌ವರ್ಡ್

ಮೊದಲ ಸಾಲಿನಲ್ಲಿರುವ ಸ್ಕ್ರಿಪ್ಟ್ ಎಂಬುದು ಪಾಸ್‌ವರ್ಡ್ ಕಾಯುವ ಒಂದು ವಿಧಾನ. ಬರೆಯುವಾಗ ಅದರಲ್ಲಿ ಐ ಅಕ್ಷರ ಬರುವುದಿಲ್ಲ, ಎಸ್-ಸಿ-ಆರ್-ವೈ-ಪಿ-ಟಿ ಎಂದು ಬರೆಯಬೇಕು. ಕಾನ್ಫಿಗ್‌ನಲ್ಲಿ ಇದು 9ನೇ ಬಗೆಯಾಗಿ ಕಾಣುತ್ತದೆ. ಹಳೆಯ ಸಾಫ್ಟ್‌ವೇರ್ ಆಲ್ಗಾರಿದಮ್-ಟೈಪ್ ಒಪ್ಪದಿದ್ದರೆ ಬರಿಯ "ಎನೇಬಲ್ ಸೀಕ್ರೆಟ್" ಹಾಕಿ.

"ಸರ್ವಿಸ್ ಪಾಸ್‌ವರ್ಡ್-ಎನ್‌ಕ್ರಿಪ್ಶನ್ ಹಾಕಿದ್ದೇನೆ, ಸಾಕಲ್ಲ?" ಎಂದು ಕೇಳುವವರಿದ್ದಾರೆ. ಸಾಲದು. ಅದು ಕೊಡುವ 7ನೇ ಬಗೆಯನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಮೂಲ ಪಾಸ್‌ವರ್ಡ್ ಪಡೆಯಬಹುದು. ಹೆಗಲ ಹಿಂದಿನಿಂದ ಇಣುಕುವವರಿಂದ ಮರೆಮಾಡಲು ಮಾತ್ರ ಅದು ಲಾಯಕ್ಕು. ಪಾಸ್‌ವರ್ಡ್ ಬಗೆಯ 7ಕ್ಕೂ ನಾವು ಮುಂದೆ ಬಳಸುವ 7ನೇ ಅಧಿಕಾರ ಮಟ್ಟಕ್ಕೂ ಸಂಬಂಧವಿಲ್ಲ.

ಹಂತ 4: ಒಬ್ಬೊಬ್ಬರಿಗೆ ಒಂದೊಂದು ಖಾತೆ

ಯೂಸರ್‌ನೇಮ್ ಮುಖ್ಯ ಪ್ರಿವಿಲೇಜ್ 15 ಆಲ್ಗಾರಿದಮ್-ಟೈಪ್ ಸ್ಕ್ರಿಪ್ಟ್ ಸೀಕ್ರೆಟ್ (ಗುಪ್ತಪದ)
ಯೂಸರ್‌ನೇಮ್ ಕುಂಬಳೆ1 ಪ್ರಿವಿಲೇಜ್ 7 ಆಲ್ಗಾರಿದಮ್-ಟೈಪ್ ಸ್ಕ್ರಿಪ್ಟ್ ಸೀಕ್ರೆಟ್ (ಗುಪ್ತಪದ)

7 ಎಂಬ ಅಂಕಿಗೆ ವಿಶೇಷ ಅರ್ಥವಿಲ್ಲ, 5 ಆದರೂ 10 ಆದರೂ ಆದೀತು. ನಡುವಿನದನ್ನು ಆರಿಸಿದರೆ ಮುಂದೆ ಮೇಲೆ ಒಂದು, ಕೆಳಗೆ ಒಂದು ಮಟ್ಟ ಬೇಕಾದಾಗ ಜಾಗವಿರುತ್ತದೆ. ಎಲ್ಲ ಶಾಖೆಗಳಲ್ಲೂ ಒಂದೇ ಅಂಕಿ ಇಡಿ.

"ಎನೇಬಲ್ ಸೀಕ್ರೆಟ್ ಲೆವೆಲ್ 7" ಎಂದು ಮಟ್ಟಕ್ಕೇ ಒಂದು ಪಾಸ್‌ವರ್ಡ್ ಇಟ್ಟು, "ಎನೇಬಲ್ 7" ಎಂದು ಏರುವ ಇನ್ನೊಂದು ದಾರಿಯೂ ಇದೆ. ನನ್ನ ಸಲಹೆ: ಬೇಡ. ಒಂದೇ ಪಾಸ್‌ವರ್ಡ್ ಐದು ಜನರ ಬಾಯಲ್ಲಿರುತ್ತದೆ, ಒಬ್ಬರಿಗೆ ವರ್ಗವಾದರೆ ಎಲ್ಲರದ್ದನ್ನೂ ಬದಲಿಸಬೇಕಾಗುತ್ತದೆ.

ಹಂತ 5: ಬಾಗಿಲುಗಳನ್ನು ಸರಿಪಡಿಸಿ

ದೂರದಿಂದ ಲಾಗಿನ್ ಆಗಲು ಟೆಲ್ನೆಟ್, ಎಸ್‌ಎಸ್‌ಎಚ್ ಎಂಬ ಎರಡು ವಿಧಾನಗಳಿವೆ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆ ತಂತಿಯಲ್ಲಿ ಹೋಗುತ್ತದೆ, ಆದ್ದರಿಂದ ಗುಪ್ತವಾಗಿ ಸಾಗಿಸುವ ಎಸ್‌ಎಸ್‌ಎಚ್ ಒಂದೇ ಸಾಕು. ಹೋಸ್ಟ್‌ನೇಮ್ ಮತ್ತು ಐಪಿ ಡೊಮೇನ್-ನೇಮ್ ಇಟ್ಟ ಮೇಲೆ:

ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048
ಐಪಿ ಎಸ್‌ಎಸ್‌ಎಚ್ ವರ್ಶನ್ 2
ಲೈನ್ ವಿಟಿವೈ 0 15
ಲಾಗಿನ್ ಲೋಕಲ್
ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್
ಎಕ್ಸೆಕ್-ಟೈಮ್‌ಔಟ್ 5 0

ಲಾಗಿನ್ ಲೋಕಲ್ ಎಂದರೆ 4ನೇ ಹಂತದಲ್ಲಿ ಮಾಡಿದ ಖಾತೆಗಳಿಂದಲೇ ಒಳಗೆ ಬಿಡು ಎಂದು. ಕೊನೆಯ ಸಾಲಿನ ಅರ್ಥ, 5 ನಿಮಿಷ ಏನೂ ಟೈಪ್ ಮಾಡದಿದ್ದರೆ ಹೊರಗೆ ಕಳುಹಿಸು ಎಂದು. ತಾನಾಗಿ ಇರುವುದು 10 ನಿಮಿಷ. "0 0" ಎಂದು ಹಾಕಿದರೆ ಎಂದಿಗೂ ಹೊರಹಾಕುವುದಿಲ್ಲ. ಕೌಂಟರಿನ ಕಂಪ್ಯೂಟರಿನಿಂದ ಲಾಗಿನ್ ಆಗುವ ಕಡೆ ಅದನ್ನು ಹಾಕಬಾರದು.

ಹೆಚ್ಚಿನವರು "ವಿಟಿವೈ 0 4" ಮಾತ್ರ ಸರಿಪಡಿಸುತ್ತಾರೆ. ಸ್ವಿಚ್‌ಗಳಲ್ಲಿ 5ರಿಂದ 15ರವರೆಗೆ ಇನ್ನೂ ಹನ್ನೊಂದು ಬಾಗಿಲುಗಳಿವೆ, ಅವು ಹಳೆಯ ಸೆಟ್ಟಿಂಗ್‌ನಲ್ಲೇ ಉಳಿಯುತ್ತವೆ. ರೂಟರ್ 0 15 ಒಪ್ಪದಿದ್ದರೆ ಅದರಲ್ಲಿ ಎಷ್ಟಿವೆಯೋ ಅಷ್ಟಕ್ಕೆ ಹಾಕಿ. "ಲೈನ್ ಕನ್ಸೋಲ್ 0" ಕೆಳಗೂ ಲಾಗಿನ್ ಲೋಕಲ್ ಇರಲಿ. ಇಷ್ಟಾದರೂ ಕನ್ಸೋಲ್ ಪೋರ್ಟಿನ ಹತ್ತಿರ ಹೋಗಿ ಸಾಧನವನ್ನು ಆಫ್-ಆನ್ ಮಾಡಬಲ್ಲವರು ಪಾಸ್‌ವರ್ಡ್ ರಿಕವರಿ ಮಾಡಿ ಒಳಗೆ ಹೋಗಬಹುದು. ರ‍್ಯಾಕಿಗೆ ಬೀಗ ಹಾಕದೆ ಅಧಿಕಾರ ಮಟ್ಟಗಳ ಬಗ್ಗೆ ತಲೆಕೆಡಿಸಿಕೊಂಡು ಫಲವಿಲ್ಲ.

ಹಂತ 6: ಆಜ್ಞೆಗಳನ್ನು 7ಕ್ಕೆ ಇಳಿಸಿ

ಪ್ರಿವಿಲೇಜ್ ಎಕ್ಸೆಕ್ ಲೆವೆಲ್ 7 ಕಾನ್ಫಿಗರ್ ಟರ್ಮಿನಲ್
ಪ್ರಿವಿಲೇಜ್ ಕಾನ್ಫಿಗರ್ ಲೆವೆಲ್ 7 ಇಂಟರ್‌ಫೇಸ್
ಪ್ರಿವಿಲೇಜ್ ಇಂಟರ್‌ಫೇಸ್ ಲೆವೆಲ್ 7 ಶಟ್‌ಡೌನ್
ಪ್ರಿವಿಲೇಜ್ ಇಂಟರ್‌ಫೇಸ್ ಲೆವೆಲ್ 7 ನೋ ಶಟ್‌ಡೌನ್

ಪ್ರಿವಿಲೇಜ್ ಪದದ ಪಕ್ಕದಲ್ಲಿರುವುದು ಮೋಡ್‌ನ ಹೆಸರು, ಅಂದರೆ ಆ ಆಜ್ಞೆ ಎಲ್ಲಿ ನಿಂತಾಗ ಸಿಗುತ್ತದೆಯೋ ಆ ಜಾಗ. ಲಾಗಿನ್ ಆದ ಕೂಡಲೇ ಇರುವುದು ಎಕ್ಸೆಕ್. ಕಾನ್ಫಿಗರ್ ಟರ್ಮಿನಲ್ ಕೊಟ್ಟ ಮೇಲಿನದು ಕಾನ್ಫಿಗರ್. ಒಂದು ಪೋರ್ಟಿನೊಳಗೆ ಹೋದ ಮೇಲಿನದು ಇಂಟರ್‌ಫೇಸ್. ಮೂರೂ ಬಾಗಿಲಿನ ಅನುಮತಿ ಬೇಕು. ಶಟ್‌ಡೌನ್ ಒಂದಕ್ಕೇ ಅನುಮತಿ ಕೊಟ್ಟು "ಕೆಲಸ ಮಾಡುತ್ತಿಲ್ಲ" ಎನ್ನುವವರು ಮೊದಲಿನ ಎರಡು ಸಾಲನ್ನು ಬಿಟ್ಟಿರುತ್ತಾರೆ. ನಾಲ್ಕನೆಯ ಸಾಲನ್ನೂ ಬಿಡಬೇಡಿ. ಬಂದ್ ಮಾಡಲು ಬಂದು ತೆರೆಯಲು ಬಾರದ ಶಾಖೆಯವರ ಫೋನ್ ಕರೆ ನಿಮಗೇ ಬರುತ್ತದೆ.

ಈಗ "ಶೋ ರನ್ನಿಂಗ್-ಕಾನ್ಫಿಗ್" ನೋಡಿದರೆ ನೀವು ಬರೆಯದ ಸಾಲುಗಳೂ ಕಾಣುತ್ತವೆ, ಉದಾಹರಣೆಗೆ ಬರಿಯ "ಕಾನ್ಫಿಗರ್" 7ನೇ ಮಟ್ಟದಲ್ಲಿ. ಹೆದರಬೇಕಿಲ್ಲ. ಹಲವು ಪದಗಳ ಆಜ್ಞೆಯ ಮಟ್ಟ ಬದಲಿಸಿದರೆ ಅದರ ಮುಂಭಾಗದ ಪದಗಳ ಮಟ್ಟವೂ ಜತೆಗೇ ಬದಲಾಗುತ್ತದೆ. ಆದರೆ ಇದೇ ಗುಣ ಇನ್ನೊಂದು ಕಡೆ ಕೈ ಸುಡುತ್ತದೆ. "ಶೋ ಐಪಿ ರೂಟ್" ಯಾರಿಗೂ ಕಾಣಬಾರದೆಂದು ಅದನ್ನು 15ಕ್ಕೆ ಏರಿಸಿದಿರಿ ಎನ್ನಿ. ಅದರ ಜತೆ "ಶೋ ಐಪಿ" ಮತ್ತು "ಶೋ" ಕೂಡ 15ಕ್ಕೆ ಹೋಗುತ್ತವೆ. ಮರುದಿನ ಕೆಳಗಿನ ಮಟ್ಟದವರಿಗೆ ಒಂದು ಶೋ ಆಜ್ಞೆಯೂ ಸಿಗುವುದಿಲ್ಲ. ಪರಿಹಾರ, ಅವನ್ನು ಬೇರೆಯಾಗಿ ಕೆಳಗಿಳಿಸುವುದು:

ಪ್ರಿವಿಲೇಜ್ ಎಕ್ಸೆಕ್ ಲೆವೆಲ್ 1 ಶೋ ಐಪಿ
ಪ್ರಿವಿಲೇಜ್ ಎಕ್ಸೆಕ್ ಲೆವೆಲ್ 1 ಶೋ

ತಪ್ಪಾಗಿ ಬದಲಿಸಿದ್ದನ್ನು ಮೂಲಸ್ಥಿತಿಗೆ ತರಲು "ನೋ" ಹಾಕಿ ಪರದಾಡಬೇಡಿ. "ಪ್ರಿವಿಲೇಜ್ ಎಕ್ಸೆಕ್ ರೀಸೆಟ್" ಎಂದು ಬರೆದು ಮುಂದೆ ಆ ಆಜ್ಞೆ ಬರೆಯಿರಿ, ಸಾಲು ಕಾನ್ಫಿಗ್‌ನಿಂದಲೂ ಹೋಗುತ್ತದೆ.

"ಕಾಪಿ", "ರಿಲೋಡ್", "ಡಿಬಗ್" ಈ ಮೂರನ್ನು 7ಕ್ಕೆ ಇಳಿಸಬೇಡಿ. ಕಾಪಿ ಕೈಗೆ ಸಿಕ್ಕಿದವರು ಹೊಸ ಕಾನ್ಫಿಗನ್ನೇ ಒಳಗೆ ತಂದು ತಮಗೆ 15 ಕೊಟ್ಟುಕೊಳ್ಳಬಹುದು. "ರೈಟ್ ಮೆಮೊರಿ" ಕೂಡ ಬೇಡ. ಶಾಖೆಯವರು ಬಂದ್ ಮಾಡಿ ಮರೆತ ಪೋರ್ಟ್ ಉಳಿಸಿಲ್ಲದ ಕಾರಣ ಸ್ವಿಚ್ ಆಫ್-ಆನ್ ಆದಾಗ ತೆರೆದುಕೊಳ್ಳುತ್ತದೆ, ಅದು ನಿಮಗೇ ಅನುಕೂಲ.

ಹಂತ 7: ಇನ್ನೊಂದು ಕಿಟಕಿಯಲ್ಲಿ ಪರೀಕ್ಷೆ

ಶಾಖೆಯ ಖಾತೆಯಿಂದ ಎಸ್‌ಎಸ್‌ಎಚ್ ಮಾಡಿ "ಶೋ ಪ್ರಿವಿಲೇಜ್" ಕೊಡಿ, 7 ಬರಬೇಕು. ಪ್ರಶ್ನೆಚಿಹ್ನೆ ಒತ್ತಿ ಯಾವ ಆಜ್ಞೆಗಳು ಕಾಣುತ್ತವೆ ನೋಡಿ. ಖಾಲಿ ಇರುವ ಒಂದು ಪೋರ್ಟನ್ನು ಬಂದ್ ಮಾಡಿ ತೆರೆಯಿರಿ. ಬಳಿಕ ಮಾಡಬಾರದ್ದನ್ನೂ ಮಾಡಿ ನೋಡಿ: ರಿಲೋಡ್ ಎನ್ನಿ, ವಿಲ್ಯಾನ್ (ಪೋರ್ಟುಗಳನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ಗುಂಪು ಮಾಡುವ ಸೆಟ್ಟಿಂಗ್) ಬದಲಿಸಲು ಹೋಗಿ.

ಅನುಮತಿ ಇಲ್ಲದ ಆಜ್ಞೆಗೆ ಐಒಎಸ್ "ಅನುಮತಿ ಇಲ್ಲ" ಎಂದು ಹೇಳುವುದಿಲ್ಲ. ಆ ಆಜ್ಞೆಯೇ ಗೊತ್ತಿಲ್ಲವೆಂಬಂತೆ "ಇನ್‌ವ್ಯಾಲಿಡ್ ಇನ್‌ಪುಟ್ ಡಿಟೆಕ್ಟೆಡ್" ಎಂದು ಬರೆದು ^ ಗುರುತು ತೋರಿಸುತ್ತದೆ. ತಾವು ತಪ್ಪಾಗಿ ಟೈಪ್ ಮಾಡಿದೆವೆಂದು ಶಾಖೆಯವರು ಹತ್ತು ಸಲ ಪ್ರಯತ್ನಿಸುತ್ತಾರೆ. ಮೊದಲೇ ಹೇಳಿಟ್ಟಿರಿ.

ಅತಿ ಹೆಚ್ಚು ಕೇಳುವ ದೂರು: ಕಾನ್ಫಿಗ್ ಖಾಲಿ ಕಾಣುತ್ತದೆ

"ಶೋ ರನ್ನಿಂಗ್-ಕಾನ್ಫಿಗ್" ಅನ್ನು 7ಕ್ಕೆ ಇಳಿಸಿದರೂ ಶಾಖೆಯ ಖಾತೆಯಲ್ಲಿ ನಾಲ್ಕಾರು ಸಾಲು ಮಾತ್ರ ಬರುತ್ತದೆ. ಇದು ದೋಷವಲ್ಲ. ಒಬ್ಬ ಬಳಕೆದಾರ ತನ್ನ ಮಟ್ಟದಲ್ಲಿ ಏನನ್ನು ಬದಲಿಸಬಲ್ಲನೋ ಅದನ್ನಷ್ಟೇ ಈ ಆಜ್ಞೆ ತೋರಿಸುತ್ತದೆ. ಪೂರ್ತಿ ಕಾಣಬೇಕಾದರೆ "ಶೋ ರನ್ನಿಂಗ್-ಕಾನ್ಫಿಗ್ ವ್ಯೂ ಫುಲ್" ಎಂಬುದನ್ನು ಆ ಮಟ್ಟಕ್ಕೆ ಇಳಿಸಿ, ಅದೇ ರೂಪದಲ್ಲಿ ಟೈಪ್ ಮಾಡಿಸಬೇಕು. ಆಮೇಲೆ 6ನೇ ಹಂತದಲ್ಲಿ ಹೇಳಿದಂತೆ "ಶೋ" ಪದವನ್ನು ಮತ್ತೆ 1ಕ್ಕೆ ತನ್ನಿ.

ಆದರೆ ಕೊಡುವ ಮುನ್ನ ಯೋಚಿಸಿ. ಪೂರ್ತಿ ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್ ಸಾಲುಗಳು, ಎಸ್‌ಎನ್‌ಎಂಪಿ ಕಮ್ಯೂನಿಟಿ ಹೆಸರುಗಳು (ಸಾಧನವನ್ನು ದೂರದಿಂದ ಗಮನಿಸುವ ತಂತ್ರಾಂಶಕ್ಕೆ ಪಾಸ್‌ವರ್ಡ್‌ನಂತಿರುವವು) ಎಲ್ಲವೂ ಇರುತ್ತವೆ. ಶಾಖೆಯವರಿಗೆ ಬೇಕಾದದ್ದು ಪೋರ್ಟ್ ಎದ್ದಿದೆಯೇ ಬಿದ್ದಿದೆಯೇ ಎಂಬುದಷ್ಟೇ. ಅದಕ್ಕೆ "ಶೋ ಇಂಟರ್‌ಫೇಸಸ್ ಸ್ಟೇಟಸ್" ಸಾಕು, ಅದು 1ನೇ ಮಟ್ಟದಲ್ಲೇ ಸಿಗುತ್ತದೆ.

ಎಎಎ ಇದ್ದರೆ

ಎಎಎ ಎಂದರೆ ಯಾರು, ಏನು ಮಾಡಬಹುದು, ಏನು ಮಾಡಿದರು ಎಂಬ ಮೂರನ್ನೂ ಒಟ್ಟಿಗೆ ನಿಭಾಯಿಸುವ ವ್ಯವಸ್ಥೆ. "ಎಎಎ ನ್ಯೂ-ಮಾಡೆಲ್" ಇದ್ದ ಕಡೆ ಲೈನ್‌ನ ಲಾಗಿನ್ ಲೋಕಲ್ ನಡೆಯುವುದಿಲ್ಲ. ಅಲ್ಲಿ ಈ ಎರಡು ಸಾಲು ಬೇಕು:

ಎಎಎ ಅಥೆಂಟಿಕೇಶನ್ ಲಾಗಿನ್ ಡೀಫಾಲ್ಟ್ ಲೋಕಲ್
ಎಎಎ ಅಥರೈಸೇಶನ್ ಎಕ್ಸೆಕ್ ಡೀಫಾಲ್ಟ್ ಲೋಕಲ್

ಎರಡನೆಯದು ಇಲ್ಲದಿದ್ದರೆ 15 ಕೊಟ್ಟವರೂ 7 ಕೊಟ್ಟವರೂ ಲಾಗಿನ್ ಆದಾಗ 1ನೇ ಮಟ್ಟಕ್ಕೇ ಬಂದು ಬೀಳುತ್ತಾರೆ. ಎರಡೂ ಇದ್ದು ಎಸ್‌ಎಸ್‌ಎಚ್‌ನಲ್ಲಿ ಸರಿಯಾಗಿ ಬಂದು ಕನ್ಸೋಲ್‌ನಲ್ಲಿ ಮಾತ್ರ 1 ಬರುತ್ತಿದ್ದರೆ "ಎಎಎ ಅಥರೈಸೇಶನ್ ಕನ್ಸೋಲ್" ಸೇರಿಸಿ. ಕನ್ಸೋಲನ್ನು ಐಒಎಸ್ ಬೇಕೆಂದೇ ಹೊರಗಿಟ್ಟಿರುತ್ತದೆ. ಎಎಎ ಹೊಸದಾಗಿ ಹಾಕುವವರು ಖಾತೆಗಳನ್ನು ಮೊದಲು ಮಾಡಿ. ಒಂದೂ ಯೂಸರ್‌ನೇಮ್ ಇಲ್ಲದೆ ಎಎಎ ನ್ಯೂ-ಮಾಡೆಲ್ ಕೊಟ್ಟರೆ ಮುಂದಿನ ಎಸ್‌ಎಸ್‌ಎಚ್ ಲಾಗಿನ್‌ಗೆ ಖಾತೆಯೇ ಇರುವುದಿಲ್ಲ.

ಮಟ್ಟಗಳಿಂದ ಆಗದ ಕೆಲಸ

ಇಂಟರ್‌ಫೇಸ್ ಅನುಮತಿ ಕೊಟ್ಟರೆ ಎಲ್ಲ ಪೋರ್ಟಿಗೂ ಕೊಟ್ಟಂತೆ. ಶಾಖೆಯವರು ಕೌಂಟರಿನ ಪೋರ್ಟ್ ಎಂದುಕೊಂಡು ಮುಖ್ಯ ಕಚೇರಿಗೆ ಹೋಗುವ ಅಪ್‌ಲಿಂಕನ್ನೇ ಬಂದ್ ಮಾಡಿದರೆ ನೀವು ದೂರದಿಂದ ಏನೂ ಮಾಡುವಂತಿಲ್ಲ. ಅಲ್ಲಿ ಸ್ವಿಚ್ಚನ್ನು ಆಫ್-ಆನ್ ಮಾಡಲು ಹೇಳಬೇಕಷ್ಟೆ. ಇನ್ನೊಂದು ಮಿತಿ: ಮೇಲಿನ ಮಟ್ಟದಲ್ಲಿ ಕೆಳಗಿನದೆಲ್ಲ ಸೇರಿಯೇ ಇರುತ್ತದೆ, "10ಕ್ಕೆ ಇದು ಬೇಡ, 7ಕ್ಕೆ ಮಾತ್ರ ಬೇಕು" ಎನ್ನಲಾಗದು.

ಇದು ತೊಂದರೆಯಾಗುವ ಕಡೆ ವ್ಯೂ ಬಳಸಿ. ವ್ಯೂ ಎಂದರೆ ಹೆಸರಿಟ್ಟ ಒಂದು ಆಜ್ಞೆಗಳ ಕಟ್ಟು. ಅದರಲ್ಲಿರುವುದು ಮಾತ್ರ ಆ ಬಳಕೆದಾರರಿಗೆ ಕಾಣುತ್ತದೆ. ಎಎಎ ಮತ್ತು ಎನೇಬಲ್ ಸೀಕ್ರೆಟ್ ಎರಡೂ ಇರಬೇಕು. "ಎನೇಬಲ್ ವ್ಯೂ" ಕೊಟ್ಟು ಮೂಲ ವ್ಯೂಗೆ ಹೋಗಿ, ಕಾನ್ಫಿಗರ್ ಟರ್ಮಿನಲ್‌ನಲ್ಲಿ:

ಪಾರ್ಸರ್ ವ್ಯೂ ಶಾಖೆ
ಸೀಕ್ರೆಟ್ (ಗುಪ್ತಪದ)
ಕಮಾಂಡ್ಸ್ ಎಕ್ಸೆಕ್ ಇನ್‌ಕ್ಲೂಡ್ ಆಲ್ ಶೋ ಇಂಟರ್‌ಫೇಸಸ್
ಕಮಾಂಡ್ಸ್ ಎಕ್ಸೆಕ್ ಇನ್‌ಕ್ಲೂಡ್ ಕಾನ್ಫಿಗರ್ ಟರ್ಮಿನಲ್
ಕಮಾಂಡ್ಸ್ ಕಾನ್ಫಿಗರ್ ಇನ್‌ಕ್ಲೂಡ್ ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/5
ಕಮಾಂಡ್ಸ್ ಇಂಟರ್‌ಫೇಸ್ ಇನ್‌ಕ್ಲೂಡ್ ಶಟ್‌ಡೌನ್
ಕಮಾಂಡ್ಸ್ ಇಂಟರ್‌ಫೇಸ್ ಇನ್‌ಕ್ಲೂಡ್ ನೋ ಶಟ್‌ಡೌನ್

ಸೀಕ್ರೆಟ್ ಸಾಲು ಮೊದಲೇ ಬರಬೇಕು, ಇಲ್ಲದಿದ್ದರೆ ಮುಂದಿನವನ್ನು ಒಪ್ಪುವುದಿಲ್ಲ. ಬಳಿಕ "ಯೂಸರ್‌ನೇಮ್ ಕುಂಬಳೆ1 ವ್ಯೂ ಶಾಖೆ" ಎಂದು ಖಾತೆಗೆ ಜೋಡಿಸಿ. ಎಲ್ಲ ಮಾದರಿಗಳಲ್ಲೂ ಈ ಸೌಲಭ್ಯ ಇರುವುದಿಲ್ಲ. "ಪಾರ್ಸರ್" ಎಂದು ಬರೆದು ಪ್ರಶ್ನೆಚಿಹ್ನೆ ಹಾಕಿದರೆ ಗೊತ್ತಾಗುತ್ತದೆ. ಎರಡು-ಮೂರು ಶಾಖೆಗಳಿಗಾದರೆ ಮಟ್ಟಗಳೇ ಸಾಕು. ಪೋರ್ಟಿನ ಪಟ್ಟಿ ಬದಲಾದಾಗಲೆಲ್ಲ ವ್ಯೂ ತಿದ್ದುವ ಕೆಲಸ ಸಣ್ಣದಲ್ಲ.

ಕೇಬಲ್ ಇಂಟರ್‌ನೆಟ್ ನಡೆಸುವವರು ಮೈಕ್ರೊಟಿಕ್ ಎಂಬ ಬೇರೆ ಕಂಪನಿಯ ರೂಟರ್‌ಗಳ ಬಗ್ಗೆ ಕೇಳುತ್ತಾರೆ. ಅಲ್ಲಿ ಅಂಕಿಯ ಮಟ್ಟಗಳಿಲ್ಲ, ಫುಲ್, ರೈಟ್, ರೀಡ್ ಎಂಬ ಗುಂಪುಗಳಿವೆ. ರೀಡ್ ಎಂದರೆ ಬರೀ ನೋಡುವುದು ಎಂದು ನಂಬಬೇಡಿ, ಆ ಗುಂಪಿಗೆ ರೀಬೂಟ್ ಮಾಡುವ ಅನುಮತಿ ತಾನಾಗಿಯೇ ಸೇರಿರುತ್ತದೆ. ನಿಮ್ಮದೇ ಗುಂಪು ಮಾಡಿ ಬೇಕಾದಷ್ಟನ್ನೇ ಕೊಡಿ.

ಹಂತ 8: ದಾಖಲೆ ಇಟ್ಟು, ಉಳಿಸಿ

ಯಾರು ಯಾವ ಪೋರ್ಟ್ ಮುಟ್ಟಿದರೆಂದು ಸ್ವಿಚ್ಚೇ ಬರೆದಿಡಲಿ:

ಆರ್ಕೈವ್
ಲಾಗ್ ಕಾನ್ಫಿಗ್
ಲಾಗಿಂಗ್ ಎನೇಬಲ್
ಹೈಡ್‌ಕೀಸ್

"ಶೋ ಆರ್ಕೈವ್ ಲಾಗ್ ಕಾನ್ಫಿಗ್ ಆಲ್" ಎಂದರೆ ಬಳಕೆದಾರರ ಹೆಸರು, ಕೊಟ್ಟ ಆಜ್ಞೆ ಕಾಣುತ್ತದೆ. ಹೈಡ್‌ಕೀಸ್ ಇಲ್ಲದಿದ್ದರೆ ಟೈಪ್ ಮಾಡಿದ ಪಾಸ್‌ವರ್ಡ್‌ಗಳೂ ಈ ದಾಖಲೆಗೆ ಸೇರುತ್ತವೆ. ಸಿಸ್ಟಂ ಲಾಗಿನ ಸಮಯ ನಮ್ಮ ಗಡಿಯಾರಕ್ಕೆ ಹೊಂದಲು "ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30" ಮತ್ತು "ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್ ಲೋಕಲ್‌ಟೈಮ್" ಎರಡನ್ನೂ ಹಾಕಿ, ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ಕೊಡಿ.

ಎಲ್ಲ ಪರೀಕ್ಷೆ ಮುಗಿದಿದ್ದರೆ ಮೊದಲು "ರಿಲೋಡ್ ಕ್ಯಾನ್ಸಲ್", ನಂತರ "ರೈಟ್ ಮೆಮೊರಿ". ಕ್ಯಾನ್ಸಲ್ ಮರೆತರೆ ನೀವು ಮನೆಗೆ ಹೊರಟ ಹೊತ್ತಿಗೆ ಸ್ವಿಚ್ ರೀಸ್ಟಾರ್ಟ್ ಆಗುತ್ತದೆ.

ಯಾರಾದರೂ ಕೆಲಸ ಬಿಟ್ಟರೆ "ನೋ ಯೂಸರ್‌ನೇಮ್" ಕೊಟ್ಟು ಖಾತೆ ತೆಗೆಯಿರಿ. ಆದರೆ ಆಗಲೇ ಒಳಗಿದ್ದವರು ಇದರಿಂದ ಹೊರಬೀಳುವುದಿಲ್ಲ. "ಶೋ ಯೂಸರ್ಸ್" ನೋಡಿ, ಅವರ ಲೈನ್ ಸಂಖ್ಯೆಗೆ "ಕ್ಲಿಯರ್ ಲೈನ್" ಕೊಡಬೇಕು.

ಕೊನೆಯದಾಗಿ, ಕಾನ್ಫಿಗ್ ನಕಲನ್ನು ಹೊರಗೆ ಒಂದು ಕಡೆ ಇಟ್ಟುಕೊಳ್ಳಿ. ತುಲಾ ತಿಂಗಳ ಸಿಡಿಲಿಗೆ ನಮ್ಮ ಕಡೆ ಸ್ವಿಚ್ ಸುಟ್ಟುಹೋಗುವುದು ಹೊಸತಲ್ಲ. ಅದೇ ಮಾದರಿಯ ಬದಲಿ ಸ್ವಿಚ್‌ಗೆ ಆ ನಕಲನ್ನು ಅಂಟಿಸಿದರೆ ಖಾತೆಗಳು, 9ನೇ ಬಗೆಯ ಪಾಸ್‌ವರ್ಡ್‌ಗಳು, ಪ್ರಿವಿಲೇಜ್ ಸಾಲುಗಳು ಎಲ್ಲ ಹಾಗೆಯೇ ಬರುತ್ತವೆ. ಎಸ್‌ಎಸ್‌ಎಚ್‌ನ ಆರ್‌ಎಸ್‌ಎ ಕೀ, ಅಂದರೆ ಸಾಧನದ ಗುರುತಿನ ಕೀಲಿ, ಮಾತ್ರ ಆ ನಕಲಿನಲ್ಲಿ ಇರುವುದಿಲ್ಲ. ಕನ್ಸೋಲ್‌ನಿಂದ 5ನೇ ಹಂತದ ಕ್ರಿಪ್ಟೊ ಕೀ ಸಾಲನ್ನು ಮತ್ತೆ ಕೊಡಬೇಕು. ಆ ಮೇಲೆ ಶಾಖೆಯವರು ಮೊದಲ ಸಲ ಲಾಗಿನ್ ಆಗುವಾಗ ಕೀ ಬದಲಾಗಿದೆ ಎಂದು ಪುಟ್ಟಿ ಎಚ್ಚರಿಸುತ್ತದೆ. ಸಾಧನ ಬದಲಿಸಿದ್ದು ಗೊತ್ತಿದ್ದರೆ ಒಪ್ಪಿಕೊಳ್ಳಬಹುದು, ಗೊತ್ತಿಲ್ಲದಿದ್ದರೆ ಪಾಸ್‌ವರ್ಡ್ ಹಾಕದೆ ಮುಖ್ಯ ಕಚೇರಿಗೆ ಫೋನ್ ಮಾಡಲು ಹೇಳಿ.